ಆ ದನಿ ಏನನ್ನುತ್ತದೆ ಎಂದು ಕೇಳುವವರು ಬೇಕು

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಸರದಿ ಉದ್ದವಿರುತ್ತದೆ. ಸ್ಕಿಜೋಫ್ರೇನಿಯಾ ಇರುವ ಒಬ್ಬನಿಗೆ ಸಿಗುವುದು ಕೆಲವೇ ನಿಮಿಷ, ಅದರಲ್ಲೂ ಪ್ರಶ್ನೆಗಳು ಹೆಚ್ಚಾಗಿ ಅವನಿಗಲ್ಲ, ಜೊತೆಗೆ ಬಂದ ತಾಯಿಗೋ ಅಣ್ಣನಿಗೋ. ಗುಳಿಗಿ ತಗೋತಾನೇನ್ರಿ? ರಾತ್ರಿ ನಿದ್ದಿ ಬರ್ತದೇನು? ಮನ್ಯಾಗ ಗದ್ದಲ ಮಾಡ್ತಾನೇನು? ಮೂರಕ್ಕೂ ಸಮಾಧಾನದ ಉತ್ತರ ಬಂದರೆ ಹಳೆಯ ಚೀಟಿಯೇ ಮುಂದಿನ ತಿಂಗಳಿಗೂ ನಡೆಯುತ್ತದೆ. ಕಿವಿಯಲ್ಲಿ ಮಾತಾಡುವ ದನಿ ಯಾರದು, ಅದು ಏನನ್ನುತ್ತದೆ, ಅದರ ಮಾತು ಕೇಳದಿದ್ದರೆ ಏನಾಗುತ್ತದೆಂದು ಅವನು ಹೆದರಿದ್ದಾನೆ ಎಂಬುದನ್ನು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಪುರುಸೊತ್ತಿದ್ದವರಿಗೆ ಧೈರ್ಯವಿಲ್ಲ, ಕೇಳಿದರೆ ಭ್ರಮೆ ಇನ್ನಷ್ಟು ಗಟ್ಟಿಯಾದೀತು ಎಂಬ ಅಳುಕು. ಈ ಅಳುಕಿಗೆ ಆಧಾರವಿಲ್ಲ. ಆ ಪ್ರಶ್ನೆಗಳನ್ನು ಕೇಳುವುದಕ್ಕೊಂದು ಕ್ರಮವಿದೆ, ಅದನ್ನು ಕಲಿಯಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ತಾಲ್ಲೂಕುಗಳಲ್ಲಿ ಗುಳಿಗೆಯ ಜೊತೆಗೆ ಅದೂ ಸಿಗಬೇಕು ಎಂಬುದು ನನ್ನ ವಾದ.

ಆ ಕ್ರಮದ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಮಾತಿನ ಚಿಕಿತ್ಸೆ ಎಂದು ಬಹಳಷ್ಟು ಓದುಗರಿಗೆ ಗೊತ್ತು. ಅದರ ಪಿತಾಮಹ, ಅಮೆರಿಕದ ಮನೋವೈದ್ಯ ಆರನ್ ಬೆಕ್, ಖಿನ್ನತೆಯ ಕೆಲಸಕ್ಕೆ ಹೆಸರಾಗುವ ಮೊದಲೇ 1952ರಲ್ಲಿ ಸ್ಕಿಜೋಫ್ರೇನಿಯಾ ಇದ್ದ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಸರ್ಕಾರಿ ಗೂಢಚಾರರು ತನ್ನ ಬೆನ್ನು ಹತ್ತಿದ್ದಾರೆಂದು ಆತ ವರ್ಷಗಟ್ಟಲೆ ನಂಬಿದ್ದ. ಬೆಕ್ ಅದನ್ನು ಸುಳ್ಳೆಂದು ಸಾಧಿಸಲು ಹೋಗಲಿಲ್ಲ. ಗೂಢಚಾರರೆಂದು ಅನುಮಾನ ಬಂದವರನ್ನು ಒಬ್ಬೊಬ್ಬರನ್ನಾಗಿ ಗಮನಿಸು, ಅವರ ನಡವಳಿಕೆಯಲ್ಲಿ ಅನುಮಾನಕ್ಕೆ ಕಾರಣ ಏನಿದೆ ನೋಡು ಎಂದರು. ಪಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ಕಡಿಮೆಯಾದರು. ನಂತರ ದಶಕಗಳ ಕಾಲ ಈ ಜಾಡು ಹಿಡಿದವರು ಕಡಿಮೆ. ಸ್ಕಿಜೋಫ್ರೇನಿಯಾ ಇರುವವರ ಮಾತಿಗೆ ಅರ್ಥವಿಲ್ಲ, ಅದನ್ನು ಕೇಳಿಸಿಕೊಂಡು ಪ್ರಯೋಜನವಿಲ್ಲ ಎಂಬ ನಂಬಿಕೆಯೇ ವೈದ್ಯಲೋಕದಲ್ಲೂ ಬಲವಾಗಿತ್ತು. 1990ರ ದಶಕದಲ್ಲಿ ಬ್ರಿಟನ್ನಿನ ಡೇವಿಡ್ ಕಿಂಗ್ಡನ್, ಡಗ್ಲಸ್ ಟರ್ಕಿಂಗ್ಟನ್ ಮೊದಲಾದವರು ಅದನ್ನು ಮತ್ತೆ ಎತ್ತಿಕೊಂಡರು. ಇಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಸ್ಕಿಜೋಫ್ರೇನಿಯಾ ಇರುವ ಪ್ರತಿಯೊಬ್ಬರಿಗೂ ಔಷಧದ ಜೊತೆ ಕನಿಷ್ಠ 16 ಭೇಟಿಗಳ ಸಿಬಿಟಿ ಕೊಡಬೇಕೆನ್ನುತ್ತದೆ. ಕೊಡುವುದು ಬೇರೆ ಮಾತು. ಅಲ್ಲಿನ ಸಮೀಕ್ಷೆಗಳಲ್ಲೇ ಅರ್ಧಕ್ಕಿಂತ ಕಡಿಮೆ ಜನರಿಗೆ ಅದನ್ನು ಕೊಡಲು ಮುಂದಾಗಿದ್ದು ಕಂಡಿದೆ.

ಭೇಟಿಗಳಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ರೋಗಿಗೆ ಬುದ್ಧಿ ಹೇಳುವುದು ಸಿಬಿಟಿ ಅಲ್ಲ. ಹಾಗೇನೂ ಇಲ್ಲ, ಎಲ್ಲ ನಿನ್ನ ಭ್ರಮೆ ಎಂದು ಮನೆಯವರು ದಿನಕ್ಕೆ ಹತ್ತು ಸಲ ಹೇಳಿ ಸೋತಿರುತ್ತಾರೆ. ಹೌದು, ನಿನಗೆ ಮಾಟ ಮಾಡಿಸಿದ್ದಾರೆ ಎಂದು ತಲೆಯಾಡಿಸುವುದೂ ಅಲ್ಲ. ಪಕ್ಕದ ಮನೆಯವರು ತನ್ನನ್ನು ಕೊಲ್ಲಲು ಹೊಂಚುಹಾಕಿದ್ದಾರೆ ಎಂದು ಒಬ್ಬ ನಂಬಿದ್ದರೆ ಚಿಕಿತ್ಸಕರು ಕೇಳುವ ಪ್ರಶ್ನೆಗಳೇ ಬೇರೆ. ಇದು ಯಾವಾಗ ಶುರುವಾಯಿತು, ಆಗ ಜೀವನದಲ್ಲಿ ಬೇರೇನು ನಡೆಯುತ್ತಿತ್ತು, ಎಷ್ಟು ರಾತ್ರಿ ನಿದ್ದೆಗೆಟ್ಟಿತ್ತು, ಯಾವುದನ್ನು ನೋಡಿ ಹಾಗನ್ನಿಸಿತು? ನೂರಕ್ಕೆ ಎಷ್ಟು ಖಾತ್ರಿ? ನಿನ್ನೆಯೂ ಅಷ್ಟೇ ಇತ್ತೇ? ನೂರಿದ್ದದ್ದು ಒಂದು ದಿನ ತೊಂಬತ್ತಾದರೆ ಆ ಹತ್ತರ ಬಿರುಕಿನಲ್ಲಿ ಇನ್ನೊಂದು ವಿವರಣೆಗೆ ಜಾಗವಾಗುತ್ತದೆ. ಅವರ ಮನೆ ಮುಂದೆ ಹಾದುಹೋಗುವುದನ್ನೇ ಬಿಟ್ಟಿದ್ದರೆ ಹಗಲು ಹೊತ್ತು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಏನಾಗುತ್ತದೆ ನೋಡೋಣ ಎಂಬ ಸಣ್ಣ ಪರೀಕ್ಷೆಯನ್ನು ಇಬ್ಬರೂ ಕೂತು ಗೊತ್ತುಮಾಡುತ್ತಾರೆ. ದನಿ ಕೇಳುವವರ ವಿಷಯದಲ್ಲಿ ಪಾಲ್ ಚಾಡ್ವಿಕ್ ಮತ್ತು ಮ್ಯಾಕ್ಸ್ ಬರ್ಚ್‌ವುಡ್ 1994ರಲ್ಲಿ ತೋರಿಸಿದ್ದು ಮುಖ್ಯ. ಸಂಕಟಕ್ಕೆ ಕಾರಣ ದನಿಯೊಂದೇ ಅಲ್ಲ, ಆ ದನಿ ಸರ್ವಶಕ್ತ, ಅದರ ಮಾತು ಮೀರಿದರೆ ಉಳಿಗಾಲವಿಲ್ಲ ಎಂಬ ನಂಬಿಕೆ ಸಹ. ದನಿ ನಿಲ್ಲದಿದ್ದರೂ ಆ ನಂಬಿಕೆ ಸಡಿಲಾದರೆ ಮನುಷ್ಯ ಕೆಲಸಕ್ಕೆ ಹೋಗಬಲ್ಲ. ಮೆಲ್ಲಗೆ ಹಾಡಿಕೊಳ್ಳುವುದು, ಗಟ್ಟಿಯಾಗಿ ಓದುವುದು, ಯಾರೊಂದಿಗಾದರೂ ಮಾತಿಗೆ ಕೂರುವುದು ಕೆಲವರಲ್ಲಿ ದನಿಯನ್ನು ಆ ಹೊತ್ತಿಗಾದರೂ ತಗ್ಗಿಸುತ್ತದೆ. ಯಾರಿಗೆ ಯಾವುದು ಒದಗುತ್ತದೆಂದು ಹುಡುಕುವುದೂ ಚಿಕಿತ್ಸೆಯ ಭಾಗ.

ನಿದ್ದೆಯ ಮಾತು ಬಂತು, ಅದನ್ನು ದಾಟಿ ಹೋಗುವಂತಿಲ್ಲ. ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿದ್ರಾಹೀನತೆ ಇದ್ದ 3,755 ವಿದ್ಯಾರ್ಥಿಗಳಿದ್ದರು. ನಿದ್ದೆಗಾಗಿಯೇ ರೂಪಿಸಿದ ಸಿಬಿಟಿ ಸಿಕ್ಕವರಲ್ಲಿ ನಿದ್ದೆ ಸುಧಾರಿಸಿದ್ದಷ್ಟೇ ಅಲ್ಲ, ಅನುಮಾನದ ಯೋಚನೆಗಳೂ ಇಲ್ಲದ್ದು ಕೇಳುವ ಅನುಭವಗಳೂ ಕಡಿಮೆಯಾದವು. ಅವರು ಸ್ಕಿಜೋಫ್ರೇನಿಯಾ ರೋಗಿಗಳಲ್ಲ ನಿಜ. ಆದರೆ ಕಾಗದ ಕಾರ್ಖಾನೆಯ ರಾತ್ರಿ ಪಾಳಿ ಇರುವ ದಾಂಡೇಲಿಯಂಥ ಊರಲ್ಲಿ, ಕಾಡುಪ್ರಾಣಿಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿಯಿಡೀ ಗದ್ದೆ ಕಾಯುವ ಜೋಯಿಡಾದಲ್ಲಿ, ಒಮ್ಮೆ ಕಾಯಿಲೆಯಾಗಿ ಚೇತರಿಸಿಕೊಂಡವನ ನಿದ್ದೆಯ ಬಗ್ಗೆ ಗುಳಿಗೆಯಷ್ಟೇ ಗಂಭೀರವಾಗಿ ಮಾತಾಡಬೇಕು ಎನ್ನಲು ಇಷ್ಟು ಸಾಕು.

ಇನ್ನು ಪುರಾವೆಯ ಪ್ರಶ್ನೆ. ಸಿಬಿಟಿಯ ಪರ ಬರೆಯುವವರು ಇದನ್ನು ಮೃದುವಾಗಿ ಹೇಳಿ ಮುಂದೆ ಹೋಗುತ್ತಾರೆ, ಹಾಗಾಗಬಾರದು. 2008ರಲ್ಲಿ ಟಿಲ್ ವೈಕ್ಸ್ ಮತ್ತು ಸಹೋದ್ಯೋಗಿಗಳು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರಿಣಾಮದ ಪ್ರಮಾಣ 0.4ರ ಆಸುಪಾಸಿನಲ್ಲಿತ್ತು. 2014ರಲ್ಲಿ ಸಮೀರ್ ಜೌಹರ್ ತಂಡ ಹೆಚ್ಚು ಪ್ರಯೋಗಗಳನ್ನು ಹೆಚ್ಚು ಬಿಗಿಯಾಗಿ ತೂಗಿದಾಗ ಒಟ್ಟು ಲಕ್ಷಣಗಳ ಮೇಲೆ 0.33, ಭ್ರಮೆ ಮತ್ತು ದನಿಗಳಂಥ ಲಕ್ಷಣಗಳ ಮೇಲೆ 0.25 ಸಿಕ್ಕಿತು. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತ್ತೆಂದು ಅಳೆಯುವವರಿಗೆ ಗೊತ್ತಿಲ್ಲದಂತೆ ನಡೆಸಿದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡರೆ ಅದೂ ಕುಗ್ಗಿತು. 0.33 ಎಂದರೆ ಸಿಬಿಟಿ ಪಡೆದವರಲ್ಲಿ ಸರಾಸರಿಯವನು, ಪಡೆಯದ ನೂರು ಜನರ ಪೈಕಿ ಸುಮಾರು 63 ಜನರಿಗಿಂತ ಮೇಲಿರುತ್ತಾನೆ. ಚಿಕಿತ್ಸೆಯಿಂದ ಏನೂ ಆಗದಿದ್ದರೂ ಈ ಸಂಖ್ಯೆ 50 ಇರುತ್ತಿತ್ತು. ಪವಾಡವಲ್ಲ. ಬೇರೆ ಬಗೆಯ ಆಪ್ತ ಮಾತುಕತೆಗಿಂತ ಸಿಬಿಟಿ ಸ್ಪಷ್ಟವಾಗಿ ಮೇಲು ಎನ್ನಲು ಪುರಾವೆ ಸಾಲದು ಎಂದು, ಇಂಥ ಪ್ರಯೋಗಗಳನ್ನು ಒಟ್ಟಾಗಿ ತೂಗುವ ಕಾಕ್ರೇನ್ ಪರಾಮರ್ಶೆ ಹೇಳಿದೆ. ಇದನ್ನು ಓದಿದವರು, ಹಾಗಿದ್ದರೆ ಈ ಬಡ ತಾಲ್ಲೂಕುಗಳಿಗೆ ಇದೇಕೆ, ಇರುವ ಹಣದಲ್ಲಿ ಇನ್ನಷ್ಟು ಗುಳಿಗೆ ತರಿಸಿ ಎನ್ನಬಹುದು.

ಆ ಆಕ್ಷೇಪದಲ್ಲಿ ಅರ್ಧ ಸರಿಯಿದೆ. ಗುಳಿಗೆಯೇ ಮೊದಲು, ಅದರಲ್ಲಿ ಚೌಕಾಸಿಯಿಲ್ಲ. 2012ರಲ್ಲಿ ಸ್ಟೆಫಾನ್ ಲಾಯ್ಕ್ಟ್ ತಂಡ ಕೂಡಿಸಿದ ಲೆಕ್ಕದಲ್ಲಿ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ 27, ನಿಲ್ಲಿಸಿದವರಲ್ಲಿ 64. ನಮ್ಮ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ತಂಡ 2005ರ ಸುಮಾರಿನಿಂದ ಹಳ್ಳಿಹಳ್ಳಿಯ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಹಿಂಬಾಲಿಸಿ, ಔಷಧ ಕೊಡುತ್ತ ಬಂದಾಗ ಕಂಡದ್ದೂ ಅದೇ. ಔಷಧ ಹತ್ತಿದವರ ದೈನಂದಿನ ಕೆಲಸದ ಶಕ್ತಿ ಮರಳಿತು, ಸಿಗದವರದು ಇದ್ದಲ್ಲೇ ಉಳಿಯಿತು. ಆದರೆ ತೀರ್ಥಹಳ್ಳಿಯ ಪಾಠದ ಇನ್ನೊಂದು ಭಾಗವನ್ನು ನಾವು ಮರೆಯುತ್ತೇವೆ. ಅಲ್ಲಿ ಔಷಧ ಹೊಟ್ಟೆ ಸೇರಿದ್ದು ಮನೆಬಾಗಿಲಿಗೆ ಹೋಗಿ ಮಾತಾಡಿಸುವ ಸಮಾಜ ಕಾರ್ಯಕರ್ತರು ಇದ್ದುದರಿಂದ. ಗುಳಿಗೆಯಲ್ಲಿ ವಿಷವಿದೆ ಎಂದು ದನಿ ಹೇಳುತ್ತಿದ್ದರೆ, ಅಥವಾ ನನಗೆ ಕಾಯಿಲೆಯೇ ಇಲ್ಲ ಎಂಬುದೇ ನಂಬಿಕೆಯಾಗಿದ್ದರೆ, ಉಚಿತ ಗುಳಿಗೆಯ ಪೊಟ್ಟಣ ಗೂಡಿನಲ್ಲಿ ಕೂತಿರುತ್ತದೆ. ಮೈ ಭಾರ, ಕೈನಡುಕ, ಹಗಲೆಲ್ಲ ಜೋಂಪು ಎಂಬ ಕಾರಣಕ್ಕೆ ಬಿಟ್ಟವನಿಗೆ ಬೈಯುವುದರ ಬದಲು ಅವನು ಏನು ತೂಗಿ ನೋಡುತ್ತಿದ್ದಾನೆಂದು ಕೇಳಿದರೆ ಪ್ರಮಾಣ ಬದಲಿಸಬಹುದು, ತಿಂಗಳಿಗೊಮ್ಮೆಯ ಚುಚ್ಚುಮದ್ದಿಗೆ ಹೋಗಬಹುದು. ಹೀಗಾಗಿ ಮಾತನ್ನು ಔಷಧದ ಎದುರಾಳಿಯಾಗಿ ನಿಲ್ಲಿಸುವುದು ತಪ್ಪು ಲೆಕ್ಕ. ಔಷಧ ಬೇಡವೆಂದ 74 ಜನರ ಮೇಲೆ ಆಂಥೊನಿ ಮಾರಿಸನ್ ತಂಡ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಬಿಟಿಯಿಂದ ಸ್ವಲ್ಪ ಗುಣ ಕಂಡಿತ್ತು. ಅದನ್ನೇ ಹಿಡಿದುಕೊಂಡು ಗುಳಿಗೆ ಬಿಡಿಸುವವರು ಇದ್ದರೆ ಅವರಿಂದ ದೂರವಿರಬೇಕು.

ಜೊತೆಗೆ, ಪ್ರಯೋಗಗಳು ಅಳೆಯುವುದು ಹೆಚ್ಚಾಗಿ ಲಕ್ಷಣಗಳ ಅಂಕ. ದನಿ ವಾರಕ್ಕೆ ಎಷ್ಟು ಸಲ ಬಂತು ಎಂಬುದಕ್ಕೆ ಅಂಕವಿದೆ. ದನಿ ಬಂದಾಗಲೂ ಸಂತೆಗೆ ಹೋಗಿ ಬಂದೆ ಎಂಬುದಕ್ಕೆ ಆ ಅಂಕಪಟ್ಟಿಯಲ್ಲಿ ಜಾಗ ಕಡಿಮೆ. ಮಾತಿನ ಚಿಕಿತ್ಸೆ ಗುರಿಯಿಡುವುದು ಮುಖ್ಯವಾಗಿ ಈ ಎರಡನೆಯದಕ್ಕೆ. ಇದನ್ನು ಸೋಲಿಗೆ ನೆಪವೆಂದು ಕೆಲವರು ಹೇಳುತ್ತಾರೆ. ನೆಪವೋ ಅಲ್ಲವೋ ಎಂದು ತಿಳಿಯಲು ಎರಡನೆಯದನ್ನೂ ಅಳೆಯಬೇಕಷ್ಟೆ.

ಈಗ ಊರಿನ ಲೆಕ್ಕಕ್ಕೆ ಬರೋಣ. ನಿಮ್ಹಾನ್ಸ್ ಮುಂದಾಳುತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 0.4ರಷ್ಟು ಜನರಿಗೆ ಆ ಹೊತ್ತಿನಲ್ಲಿ ಸ್ಕಿಜೋಫ್ರೇನಿಯಾ ಅಥವಾ ಅದರ ಜಾತಿಯ ಸೈಕೋಸಿಸ್ ಇತ್ತು, ಅವರಲ್ಲಿ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಇರಲಿಲ್ಲ. ಆ 12ರಲ್ಲಿ ಕರ್ನಾಟಕವಿಲ್ಲ, ಆದ್ದರಿಂದ ಇದು ಗಣತಿಯಲ್ಲ, ಅಂದಾಜು. ಮೊದಲು ಹೇಳಿದ ನಾಲ್ಕೂ ತಾಲ್ಲೂಕು ಸೇರಿ ಮೂರು ಲಕ್ಷದ ಮೇಲಿರುವ ಜನಸಂಖ್ಯೆಯಲ್ಲಿ ವಯಸ್ಕರು ಎರಡು ಲಕ್ಷವೆಂದರೂ ಎಂಟುನೂರು ಮನೆಗಳ ಮಾತು. ಇವರ ಪಾಲಿನ ದೊಡ್ಡಾಸ್ಪತ್ರೆ ಧಾರವಾಡದ ಡಿಮ್ಹಾನ್ಸ್. 1845ರಷ್ಟು ಹಿಂದೆಯೇ ಹುಚ್ಚಾಸ್ಪತ್ರೆಯಾಗಿ ಶುರುವಾದ, ಆ ಹೆಸರಿನ ಅಪಖ್ಯಾತಿಯನ್ನು ಇನ್ನೂ ಪೂರ್ತಿ ಕಳೆದುಕೊಳ್ಳಲಾಗದ ಸಂಸ್ಥೆ ಅದು. ಹಳಿಯಾಳದವರಿಗೆ ಅದು ಮೂವತ್ತು ಚಿಲ್ಲರೆ ಕಿಲೋಮೀಟರ್, ದಾಂಡೇಲಿಗೆ ಐವತ್ತರ ಮೇಲೆ, ಉಳವಿ ಕಡೆಯ ಕಾಡಿನ ಹಳ್ಳಿಗಳಿಂದ ಒಂದು ದಿನದ ಕೂಲಿ ಕಳೆದುಕೊಂಡು ಮಾಡಬೇಕಾದ ಪಯಣ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ. ಮುಂಡಗೋಡದವರು ಹುಬ್ಬಳ್ಳಿಗೆ ಹೋಗುತ್ತಾರೆ. ಬ್ರಿಟನ್ನಿನ 16 ಭೇಟಿಗಳ ಚಿಕಿತ್ಸೆಯನ್ನು ಇಲ್ಲಿಂದ ಬಸ್ಸು ಹತ್ತಿ ಹೋಗಿ ಪಡೆಯಿರಿ ಎನ್ನುವುದು ಹಾಸ್ಯವಾಗುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಭಾಷೆಯದು. ಗುಳಿಗೆಗೆ ಭಾಷೆ ಬೇಕಿಲ್ಲ. ಮಾತಿಗೆ ಬೇಕು, ಅದೂ ಹೆದರಿಕೆಯನ್ನು ಹೇಳಿಕೊಳ್ಳುವ ಮನೆಮಾತು. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ, ಹಳಿಯಾಳದ ಅರ್ಧ ಊರು ಮರಾಠಿ, ಗೌಳಿಗಳದು ಮರಾಠಿಯ ಇನ್ನೊಂದು ಬಗೆ, ಸಿದ್ದಿಗಳದು ಅವರದೇ ಕೊಂಕಣಿ, ದಾಂಡೇಲಿಯ ಪಾಳಿ ಮುಗಿಸಿ ಬರುವವರಲ್ಲಿ ಉರ್ದು, ತೆಲುಗು ಎಲ್ಲ ಉಂಟು, 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರದು ಟಿಬೆಟನ್. ಕನ್ನಡವೊಂದೇ ಬಲ್ಲ ಮನಶ್ಶಾಸ್ತ್ರಜ್ಞರನ್ನು ನೇಮಿಸಿ ಕೆಲಸ ಮುಗಿಯಿತೆಂದುಕೊಂಡರೆ ಅರ್ಧ ತಾಲ್ಲೂಕು ಹೊರಗುಳಿಯುತ್ತದೆ. ಹೀಗೆ ಹೇಳಲು ಕನ್ನಡದ ಅಂಕಣಕಾರನಿಗೆ ಸಂಕೋಚವಾಗಬೇಕಿಲ್ಲ. ಹೊರಗಿನವರು ಬಂದು ಭಾಷಾಂತರದಲ್ಲಿ ಕೊಡುವ ಚಿಕಿತ್ಸೆ ಇಲ್ಲಿ ನಡೆಯದು, ಊರಿನವರೇ ಕಲಿಯಬೇಕು ಎಂಬುದಕ್ಕೆ ಇದೇ ಬಲವಾದ ಕಾರಣ.

ಊರಿನವರು ಕಲಿಯಬಲ್ಲರೇ? ಜೋಯಿಡಾದ ಗಡಿ ದಾಟಿದರೆ ಸಿಗುವ ಗೋವಾದಲ್ಲಿ, ಜೊತೆಗೆ ಸಾತಾರಾ ಮತ್ತು ತಮಿಳುನಾಡಿನಲ್ಲಿ, ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ತರಬೇತಾದ ಸ್ಥಳೀಯ ಕಾರ್ಯಕರ್ತರು ಸ್ಕಿಜೋಫ್ರೇನಿಯಾ ಇರುವವರ ಮನೆಗೆ ಹೋಗಿ ಮಾಡಿದ ಕೆಲಸದ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಇದ್ದವರು 282 ರೋಗಿಗಳು. ಅದು ಸಿಬಿಟಿಯಲ್ಲ. ಕಾಯಿಲೆಯ ತಿಳಿವಳಿಕೆ, ಔಷಧದ ನಿಗಾ, ಮನೆಯವರ ಜೊತೆ ಮಾತು, ಕೆಲಸಕ್ಕೆ ಮರಳಿಸುವ ಪ್ರಯತ್ನ. ಆಸ್ಪತ್ರೆಯ ಮಾಮೂಲಿ ಆರೈಕೆಗಿಂತ ಫಲ ಸ್ವಲ್ಪ ಮೇಲಿತ್ತು, ಎಲ್ಲ ಕಡೆ ಒಂದೇ ಸಮ ಇರಲಿಲ್ಲ, ತಮಿಳುನಾಡಿನಲ್ಲಿ ಹೆಚ್ಚು ಸ್ಪಷ್ಟವಾಗಿತ್ತು. ಸಾಧಾರಣ ಫಲಿತಾಂಶವೇ, ಆದರೆ ಪದವಿಯಿಲ್ಲದವರು ಈ ಕಾಯಿಲೆಯ ಹತ್ತಿರ ಸುಳಿಯಬಾರದು ಎಂಬ ಮಾತಿಗೆ ಅದು ಉತ್ತರ. ಕರಾಚಿಯಲ್ಲಿ ಫಾರೂಕ್ ನಯೀಮ್ ತಂಡ 16 ಭೇಟಿಗಳನ್ನು ಆರಕ್ಕಿಳಿಸಿ, ಒಂದು ಭೇಟಿಯನ್ನು ಮನೆಮಂದಿಗೆಂದೇ ಸೇರಿಸಿ, 116 ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿತು, ಲಕ್ಷಣಗಳು ಕಡಿಮೆಯಾದವು. ನಮ್ಮ ಮನೆಗಳಿಗೆ ಲಂಡನ್ನಿಗಿಂತ ಕರಾಚಿಯ ಮನೆಗಳೇ ಹತ್ತಿರ. ರೋಗಿ ಒಬ್ಬನೇ ಬರುವುದಿಲ್ಲ, ತಾಯಿ ಬರುತ್ತಾಳೆ, ಮಾತಾಡುವವಳೂ ಅವಳೇ. ಅವಳನ್ನು ಹೊರಗೆ ಕೂರಿಸುವ ಬದಲು ಒಳಗೆ ಸೇರಿಸಿಕೊಳ್ಳುವ ಚಿಕಿತ್ಸೆ ಇಲ್ಲಿಗೆ ಹೊಂದುತ್ತದೆ.

ದೇವರು ದೆವ್ವದ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಗಾಳಿ ಸೋಕಿದೆ, ಮೈಮೇಲೆ ಬಂದಿದೆ, ಮಾಟವಾಗಿದೆ ಎಂಬ ವಿವರಣೆಗಳು ಇಲ್ಲಿ ರೋಗಿಯ ತಲೆಯೊಳಗೆ ಹುಟ್ಟಿದವಲ್ಲ, ಊರಿನವು. ಸಿದ್ದಿಗಳು ಹಿರಿಯರನ್ನು ಪೂಜಿಸುತ್ತಾರೆ, ಟಿಬೆಟನ್ ವೈದ್ಯ ಮನಸ್ಸು ಕದಡಿದ್ದಕ್ಕೆ ವಾಯುವಿನ ಏರುಪೇರನ್ನು ಕಾರಣವೆನ್ನುತ್ತದೆ, ಉಳವಿ ಚನ್ನಬಸವಣ್ಣನಿಗೆ ಹರಕೆ ಹೊರದ ಮನೆ ಹುಡುಕುವುದು ಕಷ್ಟ. ವಿಚಾರವಾದಿಗಳ ಆಕ್ಷೇಪ: ಇವುಗಳನ್ನು ಖಂಡಿಸದೆ ಮಾತಾಡುವುದೆಂದರೆ ಮೂಢನಂಬಿಕೆಗೆ ಮಣೆ ಹಾಕಿದಂತೆ. ಭಕ್ತರ ಆಕ್ಷೇಪ: ಡಾಕ್ಟರು ನಮ್ಮ ದೇವರನ್ನೇ ಭ್ರಮೆ ಎನ್ನುತ್ತಾರೆ. ಸಿಬಿಟಿ ಎರಡೂ ಕಡೆ ವಾಲಬೇಕಿಲ್ಲ, ಅದರ ಪ್ರಶ್ನೆ ಸಂಕಟದ್ದು. ಹರಕೆ ಹೊತ್ತು ನೆಮ್ಮದಿಯಾದವನಿಗೆ ಚಿಕಿತ್ಸೆ ಬೇಡ. ದೇವಿ ಅನ್ನ ಬಿಡು ಎಂದಳೆಂದು ಅನ್ನ ಬಿಟ್ಟವನನ್ನು, ಆ ದೇವಿ ಊರಿನ ಬೇರೆ ಭಕ್ತರಿಗೆ ಎಂದಾದರೂ ಹಾಗೆಂದಿದ್ದಾಳೆಯೇ ಎಂದು ಕೇಳಬಹುದು. ಈ ಪ್ರಶ್ನೆ ಅವನ ನಂಬಿಕೆಯ ಒಳಗಿನಿಂದಲೇ ಬರುತ್ತದೆ. ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಧ್ಯಯನ ನಡೆಸಿ 1976ರಲ್ಲಿ ಬರೆದ ಪುಸ್ತಕದಲ್ಲಿ, ಜನ ದೈವ ಮೈಮೇಲೆ ಬರುವ ಪಾತ್ರಿಯ ಬಳಿಗೂ ಮಂತ್ರವಾದಿಯ ಬಳಿಗೂ ವೈದ್ಯರ ಬಳಿಗೂ ಸಂಕೋಚವಿಲ್ಲದೆ ಹೋಗುವುದನ್ನು ಗುರುತಿಸಿದ್ದರು. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಎಂಬ ಷರತ್ತು ಜನರದಲ್ಲ, ಹಾಕುವವರು ನಾವು. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ 2015ರಲ್ಲಿ ಪ್ರಕಟಿಸಿದ ಹೋಲಿಕೆಯೂ ಇಲ್ಲಿ ನೆನೆಯಬೇಕಾದ್ದು. ಕ್ಯಾಲಿಫೋರ್ನಿಯಾ, ಅಕ್ರಾ ಮತ್ತು ಚೆನ್ನೈಗಳಲ್ಲಿ ತಲಾ ಇಪ್ಪತ್ತು ಜನರನ್ನು ಕೇಳಿದಾಗ ಚೆನ್ನೈನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳುತ್ತಿದ್ದದ್ದು ಬಂಧುಗಳ ದನಿ. ಅಡುಗೆ ಮಾಡು, ಸ್ನಾನ ಮಾಡು ಎಂದು ಗದರುವ ದನಿಗಳು. ಅಮೆರಿಕದವರ ದನಿಗಳಲ್ಲಿ ಹಿಂಸೆ ಹೆಚ್ಚಿತ್ತು. ಸಂಖ್ಯೆ ಚಿಕ್ಕದು, ಆದರೂ ದನಿ ಯಾರದೆಂದು ಕೇಳದೆ ಚಿಕಿತ್ಸೆ ಶುರುಮಾಡಬಾರದು ಎನ್ನಲು ಸಾಕು.

ಹಾಗಾದರೆ ಇದನ್ನು ಯಾರು ಮಾಡಬೇಕು? ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟುವುದು ಅಧಿಕಾರಿಗಳಿಗೆ ಮೊದಲು ಹೊಳೆಯುವ ಉಪಾಯ, ಅದು ಬೇಡ. ಅವರ ಹೊರೆ ಈಗಲೇ ಹೆಚ್ಚು, ಜೊತೆಗೆ ಅದೇ ಓಣಿಯ ಹೆಂಗಸಿನ ಮುಂದೆ ಎಲ್ಲರೂ ಎಲ್ಲವನ್ನೂ ಹೇಳುವುದಿಲ್ಲ. ರೋಗಿಯನ್ನು ಗುರುತಿಸಿ ಕಳಿಸುವುದಷ್ಟೇ ಅವರ ಪಾಲಿಗಿರಲಿ. 1985ರಲ್ಲಿ ಬಳ್ಳಾರಿಯಲ್ಲಿ ಪ್ರಯೋಗವಾಗಿ ಶುರುವಾಗಿ ದೇಶಕ್ಕೇ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರಲ್ಲದೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರ ಹುದ್ದೆಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋಚೈತನ್ಯ ಶಿಬಿರವಿದೆ. ಆ ದಿನ ಔಷಧದ ಸರದಿಯ ಪಕ್ಕದಲ್ಲೊಂದು ಕೋಣೆ, ಅದರಲ್ಲಿ ಕೊಂಕಣಿ ಮರಾಠಿ ಬಲ್ಲ ತರಬೇತಾದ ಒಬ್ಬ ದಾದಿ ಅಥವಾ ಸಮಾಜ ಕಾರ್ಯಕರ್ತೆ, ಪ್ರತಿ ರೋಗಿಗೆ ಮೊದಲ ಆರು ತಿಂಗಳಲ್ಲಿ ಆರು ಭೇಟಿ, ಅದರಲ್ಲೊಂದು ಮನೆಯವರ ಜೊತೆ, ಧಾರವಾಡದಿಂದ ವಾರಕ್ಕೊಮ್ಮೆ ಫೋನಿನಲ್ಲಿ ಅವರಿಗೆ ಮೇಲ್ವಿಚಾರಣೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ 2022ರಿಂದ ಇದೆ, ಒಳ್ಳೆಯದೇ. ಆದರೆ ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು. ತನ್ನ ಫೋನನ್ನು ಯಾರೋ ಕದ್ದು ಕೇಳುತ್ತಿದ್ದಾರೆಂದು ನಂಬಿದವನಿಗೆ ಫೋನಿನಲ್ಲಿ ಚಿಕಿತ್ಸೆ ಕೊಡುತ್ತೇವೆ ಎಂದರೆ ಅವನು ಏನೆಂದುಕೊಂಡಾನು!

ಅರೆಬರೆ ಕಲಿತವರಿಂದ ಅಪಾಯವಿಲ್ಲವೇ ಎಂದರೆ, ಇದೆ. ಹೀಗಾಗಿ ಗೆರೆ ಎಳೆಯಬೇಕು. ದನಿ ಸಾಯಲು ಅಥವಾ ಕೊಲ್ಲಲು ಹೇಳುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ, ಗರ್ಭಿಣಿ ಅಥವಾ ಬಾಣಂತಿಯಾಗಿದ್ದರೆ, ಆ ದಿನವೇ ವೈದ್ಯರ ಬಳಿಗೆ. ಕಾಯಿಲೆಯ ಉಬ್ಬರದಲ್ಲಿ ವಾದ ವಿವರಣೆ ಯಾವುದೂ ಬೇಡ, ಮೊದಲು ಔಷಧ ಮತ್ತು ನಿದ್ದೆ. ಮಂಕಾಗಿ ಮೂಲೆ ಹಿಡಿದು ಕೂರುವ ಲಕ್ಷಣಗಳ ಮೇಲೆ ಸಿಬಿಟಿಯ ಪರಿಣಾಮ ಬಹಳ ಕಡಿಮೆ, ಜೌಹರ್ ಲೆಕ್ಕದಲ್ಲಿ 0.13. ಮನೆಯವರಿಗೆ ಅತಿ ಹೆಚ್ಚು ಬೇಸರ ತರಿಸುವ ಲಕ್ಷಣಗಳೂ ಅವೇ ಎಂಬುದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಸರ್ಕಾರಿ ಖರ್ಚಿನಲ್ಲಿ ಮಾನಸಿಕ ಆರೈಕೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಬರೆದಿದೆ. ಆ ಹಕ್ಕಿನಲ್ಲಿ ಗುಳಿಗೆಯ ಪೊಟ್ಟಣವಷ್ಟೇ ಇದೆಯೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಶುರುಮಾಡುವುದಾದರೆ ಧಾರವಾಡಕ್ಕೆ ಹತ್ತಿರವಿರುವ ಹಳಿಯಾಳದಿಂದ ಶುರುಮಾಡಬಹುದು, ಏಕೆಂದರೆ ಮೇಲ್ವಿಚಾರಕರು ಬೆಳಿಗ್ಗೆ ಬಂದು ಸಂಜೆ ಮರಳಬಹುದು. ಪ್ರಶ್ನೆಗಳ ಹಾಳೆಯನ್ನು ಕನ್ನಡ, ಮರಾಠಿ, ಕೊಂಕಣಿಯಲ್ಲಿ ಅಲ್ಲಿಯವರನ್ನೇ ಕೂರಿಸಿಕೊಂಡು ಸಿದ್ಧಪಡಿಸಬೇಕು. ಒಂದು ವರ್ಷದ ನಂತರ ದನಿ ಎಷ್ಟು ಕಡಿಮೆಯಾಯಿತು ಎಂಬುದರ ಜೊತೆಗೆ, ಎಷ್ಟು ಜನ ಗುಳಿಗೆ ಬಿಡದೆ ಉಳಿದರು, ಎಷ್ಟು ದಿನ ಕೆಲಸಕ್ಕೆ ಹೋದರು, ಎಷ್ಟು ಜನರನ್ನು ಮತ್ತೆ ಧಾರವಾಡಕ್ಕೆ ದಾಖಲು ಮಾಡಬೇಕಾಯಿತು ಎಂದು ಎಣಿಸಬೇಕು. ಎಣಿಕೆ ಕೈಕೊಟ್ಟರೆ ಜೋಯಿಡಾಕ್ಕೆ ಕೊಂಡೊಯ್ಯುವ ಮೊದಲೇ ನಿಲ್ಲಿಸಬಹುದು.